ಗಣಕಯಂತ್ರ, ಅಂತರ್ಜಾಲ ಮತ್ತು ಗೃಹಸ್ಥರ ಹೊಣೆಗಾರಿಕೆ

(ಶ್ರೀಮಠದ ಕಲ್ಯಾಣ ಶಾಖೆಯ ವಾರ್ಷಿಕೋತ್ಸವದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ವಿದ್ವಾಂಸರ ಪ್ರವಚನಗಳನ್ನು ಕೇಳಿ ಪುನೀತವಾದ ಈ ಸಭಾಂಗಣದಲ್ಲಿ ನನ್ನಂಥವನು ನಿಂತು ಮಾತನಾಡುವುದಕ್ಕೆ ಸಂಕೋಚವಾಗುತ್ತದೆ. ನಾನು ಶಾಸ್ತ್ರಾಧ್ಯಯನ ಮಾಡಿದವನಲ್ಲ. ಮುಂಬಯಿಯ ಒಂದು ಬ್ಯಾಂಕಿನಲ್ಲಿ 36 ವರ್ಷ ದುಡಿದು, ಅದರ ಉತ್ತರಾರ್ಧವನ್ನು ಗಣಕ ವಿಭಾಗದಲ್ಲಿ ಕಳೆದು, ಈಗ ಕಲ್ಯಾಣದಲ್ಲಿ ನಿವೃತ್ತ ಜೀವನ ನಡೆಸುತ್ತಿರುವ ಒಬ್ಬ ಸಾಮಾನ್ಯ ಗೃಹಸ್ಥ. ಯಂತ್ರವನ್ನು ಬಲ್ಲೆನೆಂಬ ಕಾರಣಕ್ಕೆ ಈ ವಿಷಯವನ್ನು ನನಗೆ ಒಪ್ಪಿಸಿದ್ದಾರೆ. ಆದರೆ ನಾನು ಇಂದು ಹೇಳಬೇಕೆಂದಿರುವುದು ಯಂತ್ರದ ಬಗೆಗಿನ ಮಾತಲ್ಲ. ಯಂತ್ರವನ್ನು ಹಿಡಿದ ಕೈಯ ಬಗೆಗಿನ ಮಾತು.

ನಾವು ವಾಸಿಸುವ ಈ ಪ್ರದೇಶಕ್ಕೂ ಹೊಸ ಸಂಪರ್ಕ ಸಾಧನಗಳಿಗೂ ಹಳೆಯ ನಂಟಿದೆ. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಠಾಣೆಗೆ ಓಡಿತು. ಮರುವರ್ಷವೇ ಹಳಿ ಕಲ್ಯಾಣವನ್ನು ಮುಟ್ಟಿತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರ್ಜಾಲವನ್ನು ತೆರೆದಾಗ ಮುಂಬಯಿ ಮೊದಲ ಸಾಲಿನ ನಗರಗಳಲ್ಲೊಂದಾಗಿತ್ತು. ಇಂದು ನವಿ ಮುಂಬಯಿಯ ಏರೋಲಿ, ರಬಾಳೆ, ಮಹಾಪೆಗಳಲ್ಲಿ ಕಿಟಕಿಗಳಿಲ್ಲದ ಬೃಹತ್ ಕಟ್ಟಡಗಳನ್ನು ನೀವು ನೋಡಿರಬಹುದು. ಅವು ಮಾಹಿತಿಯ ಉಗ್ರಾಣಗಳು. ಲೋಕಲ್ ರೈಲಿನಲ್ಲಿ ಕುಳಿತು ನಾವು ಕಳುಹಿಸುವ ಸಂದೇಶ, ಊರಿನಲ್ಲಿರುವ ಅಕ್ಕನಿಗೆ ತೋರಿಸುವ ಮೊಮ್ಮಗನ ಚಿತ್ರ, ಬ್ಯಾಂಕಿನ ಲೆಕ್ಕ, ಇವೆಲ್ಲ ಅಂತಹ ಕಟ್ಟಡಗಳ ಮೂಲಕವೇ ಹಾದುಹೋಗುತ್ತವೆ. ಹಿಂದೆ ಇದೇ ರೈಲಿನಲ್ಲಿ ಬೆಳಗಿನ ಹೊತ್ತು ಭಜನೆ ಕೇಳಿಸುತ್ತಿತ್ತು. ಈಗ ಬಹುತೇಕ ತಲೆಗಳು ಅಂಗೈಯ ಮೇಲೆ ಬಾಗಿರುತ್ತವೆ. ಇದನ್ನು ನಾನು ದೂರುವುದಿಲ್ಲ. ನನ್ನ ತಲೆಯೂ ಹಾಗೆಯೇ ಬಾಗಿರುತ್ತದೆ.

ಬ್ಯಾಂಕಿನ ಒಂದು ಹಳೆಯ ಕ್ರಮವನ್ನು ಮೊದಲು ನಿವೇದಿಸುತ್ತೇನೆ. ಲೆಡ್ಜರುಗಳ ಕಾಲದಲ್ಲಿ ಒಬ್ಬ ಗುಮಾಸ್ತ ಜಮೆಯನ್ನೋ ಖರ್ಚನ್ನೋ ಬರೆದರೆ ಅದು ಅಷ್ಟಕ್ಕೇ ಸಿಂಧುವಾಗುತ್ತಿರಲಿಲ್ಲ. ಇನ್ನೊಬ್ಬ ಅಧಿಕಾರಿ ಚೀಟಿಯನ್ನೂ ಬರಹವನ್ನೂ ತಾಳೆ ನೋಡಿ ತನ್ನ ಕಿರುಸಹಿ ಹಾಕಬೇಕಿತ್ತು. ಗಣಕಯಂತ್ರ ಬಂದ ಮೇಲೂ ನಾವು ಆ ನಿಯಮವನ್ನು ಬಿಡಲಿಲ್ಲ; ಯಂತ್ರದೊಳಗೇ ಅದನ್ನು ಅಳವಡಿಸಿದೆವು. ನಮೂದಿಸುವವನು ಬೇರೆ, ಪರಿಶೀಲಿಸುವವನು ಬೇರೆ. ಒಬ್ಬನೇ ಎರಡನ್ನೂ ಮಾಡಹೊರಟರೆ ಯಂತ್ರವೇ ನಿರಾಕರಿಸುತ್ತಿತ್ತು. ಮೊದಲನೆಯವನು ಕಳ್ಳನೆಂಬ ಸಂಶಯದಿಂದ ಹುಟ್ಟಿದ ನಿಯಮವಲ್ಲ ಇದು. ಎಂತಹ ಪ್ರಾಮಾಣಿಕನೂ ಆತುರದಲ್ಲಿ ತಪ್ಪುತ್ತಾನೆ ಎಂಬ ಅನುಭವದಿಂದ ಹುಟ್ಟಿದ್ದು.

ನಮ್ಮ ಸಂಚಾರಿ ದೂರವಾಣಿಯಲ್ಲಿ ಈ ಎರಡನೆಯ ಸಹಿ ಇಲ್ಲ. ಬಂದದ್ದನ್ನು ಒಂದು ಬೆರಳು ನೂರು ಮನೆಗಳಿಗೆ ಕಳುಹಿಸುತ್ತದೆ. ನಡುವೆ ತಾಳೆ ನೋಡುವವರಿಲ್ಲ. ಇದರಿಂದ ಏನಾಗುತ್ತದೆಂಬುದಕ್ಕೆ ನನ್ನದೇ ಉದಾಹರಣೆಯನ್ನು ಹೇಳಿಬಿಡುತ್ತೇನೆ. ಪರರ ದೋಷವನ್ನು ಎಣಿಸುವ ಮೊದಲು ತನ್ನದನ್ನು ಒಪ್ಪಿಕೊಳ್ಳುವುದು ಲೇಸು.

2018ರ ಜೂನ್ ತಿಂಗಳ ಕೊನೆಯ ವಾರ. ಮಕ್ಕಳನ್ನು ಅಪಹರಿಸುವ ತಂಡಗಳು ಮಹಾರಾಷ್ಟ್ರದಲ್ಲಿ ಇಳಿದಿವೆ, ಭಿಕ್ಷುಕರ ವೇಷದಲ್ಲಿಯೂ ವ್ಯಾಪಾರಿಗಳ ವೇಷದಲ್ಲಿಯೂ ತಿರುಗುತ್ತಿವೆ, ಎಚ್ಚರ ಎಂಬ ಸಂದೇಶವೊಂದು ನನಗೆ ಬಂತು. ಕಳುಹಿಸಿದವರು ವಿದ್ಯಾವಂತರು, ನನಗೆ ಆಪ್ತರು. ನಾನು ಅದನ್ನು ಮೂರು ಗುಂಪುಗಳಿಗೆ ರವಾನಿಸಿದೆ: ನಮ್ಮ ಕಟ್ಟಡದ್ದು, ಕುಟುಂಬದ್ದು, ಭಜನಾ ಮಂಡಳಿಯದ್ದು. ಪರೋಪಕಾರ ಮಾಡಿದೆನೆಂಬ ಸಮಾಧಾನವೂ ಆಯಿತು. ಎರಡು ದಿನಗಳ ಅನಂತರ ತರಕಾರಿ ತೆಗೆದುಕೊಂಡು ಮನೆಗೆ ಬರುವಾಗ ನಮ್ಮ ಗೇಟಿನ ಬಳಿ ಇಪ್ಪತ್ತು ಮೂವತ್ತು ಜನ ಸೇರಿದ್ದರು. ನಡುವೆ ಒಬ್ಬ ಹೆಂಗಸು. ಹಳೆಯ ಬಟ್ಟೆಗಳನ್ನು ಪಡೆದು ಸ್ಟೀಲ್ ಪಾತ್ರೆಗಳನ್ನು ಕೊಡುವವಳು. ವರ್ಷಗಳಿಂದ ನಮ್ಮ ಬೀದಿಗೆ ಬರುತ್ತಿದ್ದವಳು. ಅವಳ ಬುಟ್ಟಿ ಮಗುಚಿತ್ತು. ಒಬ್ಬ ತರುಣ ಅವಳ ಮೊಣಕೈ ಹಿಡಿದು ಹೆಸರು ಕೇಳುತ್ತಿದ್ದ, ಇನ್ನೊಬ್ಬ ಅದನ್ನು ಚಿತ್ರೀಕರಿಸುತ್ತಿದ್ದ. ಗೇಟಿನ ಕಾವಲುಗಾರ ಕೈಯಲ್ಲಿದ್ದ ಫೋನನ್ನು ಎತ್ತಿ ತೋರಿಸಿ, ಎಚ್ಚರಿಕೆ ಬಂದಿದೆಯಲ್ಲ ಎಂದ. ಅದು ನಾನು ಕಳುಹಿಸಿದ ಸಂದೇಶವೇ ಆಗಿತ್ತು.

ಅವಳನ್ನು ಉಳಿಸಿದವನು ನಾನಲ್ಲ. ನನ್ನ ನಾಲಗೆ ಏಳಲಿಲ್ಲ. ನೆಲಮಹಡಿಯ ಮರಾಠಿ ಅಜ್ಜಿಯೊಬ್ಬರು ಕೋಲೂರಿಕೊಂಡು ಬಂದು, ನನ್ನ ಮಗಳ ಬಾಣಂತನದ ಕಾಲದಿಂದ ಇವಳು ನಮ್ಮ ಮನೆಗೆ ಬರುತ್ತಿದ್ದಾಳೆ, ಮೊದಲು ನನ್ನನ್ನು ಹಿಡಿಯಿರಿ ಎಂದು ಗದರಿದರು. ಗುಂಪು ಕರಗಿತು. ಆ ಹೆಂಗಸು ನೆಲದ ಮೇಲೆ ಕುಳಿತು ನೆಗ್ಗಿದ ಪಾತ್ರೆಗಳನ್ನು ಒಂದೊಂದಾಗಿ ಸೆರಗಿನಲ್ಲಿ ಒರೆಸಿ ಬುಟ್ಟಿಗೆ ಹಾಕಿಕೊಂಡಳು. ಯಾರನ್ನೂ ಬಯ್ಯಲಿಲ್ಲ. ಆ ಮೇಲೆ ನಮ್ಮ ಬೀದಿಗೆ ಅವಳು ಬರಲೂ ಇಲ್ಲ.

ಅದಾದ ಕೆಲವೇ ದಿನಗಳಲ್ಲಿ, ಜುಲೈ 1ರಂದು, ಧುಳೆ ಜಿಲ್ಲೆಯ ಸಾಕ್ರಿ ತಾಲ್ಲೂಕಿನ ರಾಯಿನ್‌ಪಾಡಾ ಎಂಬಲ್ಲಿ ವಾರದ ಸಂತೆಯ ದಿನ ಐವರನ್ನು ಜನರು ಹೊಡೆದು ಕೊಂದರು. ಭಿಕ್ಷೆ ಬೇಡುತ್ತ ಊರೂರು ಅಲೆಯುವ ಡವರಿ ಗೋಸಾವಿ ಸಮುದಾಯದವರು ಅವರು. ಹೆಚ್ಚಿನವರು ನಮ್ಮ ಗಡಿಗೆ ಹೊಂದಿದ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲ್ಲೂಕಿನವರು. ಮಕ್ಕಳ ಕಳ್ಳರೆಂಬ ಶಂಕೆಯೊಂದೇ ಅವರ ಅಪರಾಧ. ಅದೇ ತಿಂಗಳ 13ರಂದು ಬೀದರ್ ಜಿಲ್ಲೆಯ ಔರಾದ್ ಭಾಗದ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ತರುಣ ಇಂಜಿನಿಯರ್ ಇದೇ ರೀತಿ ಪ್ರಾಣ ಕಳೆದುಕೊಂಡರು. ಗೆಳೆಯರೊಂದಿಗೆ ಕಾರಿನಲ್ಲಿ ಬಂದವರು ಹಳ್ಳಿಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಕಾರು ಹೊರಡುವ ಹೊತ್ತಿಗೆ ಅವರ ಚಿತ್ರ ವಾಟ್ಸಾಪ್ ಗುಂಪಿನ ಮೂಲಕ ಮುಂದಿನ ಊರನ್ನು ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡಗಟ್ಟೆ ಬಿದ್ದಿತ್ತು. ಬಂಧಿತರಾದವರಲ್ಲಿ ಆ ಗುಂಪಿನ ನಿರ್ವಾಹಕನೂ ಇದ್ದ. ನಮ್ಮ ಊರು ಕಲ್ಯಾಣ. ಬೀದರ್ ಜಿಲ್ಲೆಯಲ್ಲಿರುವುದು ಬಸವಕಲ್ಯಾಣ. ಹೆಸರಿನಲ್ಲೇ ಕಲ್ಯಾಣವನ್ನು ಹೊತ್ತ ನೆಲದಲ್ಲಿ ಅತಿಥಿಗೆ ಈ ಗತಿಯಾಯಿತಲ್ಲ ಎಂದು ಆ ದಿನ ನನ್ನ ಮನಸ್ಸು ಕುಗ್ಗಿತು. ನಮ್ಮ ಗೇಟಿನಲ್ಲಿ ಅಜ್ಜಿ ಬಾರದೇ ಹೋಗಿದ್ದರೆ ಎಂಬ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಆ ದಿನಗಳಲ್ಲಿ ಸಂಚರಿಸುತ್ತಿದ್ದ ಒಂದು ವೀಡಿಯೋವಿನ ಕಥೆಯನ್ನು ಎಲ್ಲರೂ ತಿಳಿಯಬೇಕು. ಬೀದಿಯಲ್ಲಿ ಆಡುತ್ತಿರುವ ಮಕ್ಕಳು. ಮೋಟಾರ್ ಸೈಕಲ್ಲಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ನೋಡಿದವರ ರಕ್ತ ಕುದಿಯುವ ದೃಶ್ಯ. ವಾಸ್ತವದಲ್ಲಿ ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷೆಗಾಗಿ ತಯಾರಿಸಿದ ಜಾಗೃತಿ ಚಿತ್ರ. ಕೊನೆಯಲ್ಲಿ ಆ ಸವಾರರೇ ಮರಳಿ ಬಂದು ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕವನ್ನು ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದರು. ಕೊನೆಯ ಕೆಲವು ಕ್ಷಣಗಳು ಇಲ್ಲದೇ ಹೋದದ್ದರಿಂದ ಮಕ್ಕಳ ರಕ್ಷಣೆಗೆಂದು ಮಾಡಿದ ಚಿತ್ರವೇ ನಿರಪರಾಧಿಗಳ ಮೇಲೆ ಜನರನ್ನು ರೇಗಿಸುವ ಸಾಧನವಾಯಿತು. ಕತ್ತರಿಸಿದವನು ಒಬ್ಬ; ಆದರೆ ಹರಡಿದವರು ಲಕ್ಷಾಂತರ ಸಜ್ಜನರು. ಮಾಡಿದವನು ಮಾತ್ರವಲ್ಲ, ಪ್ರೇರಿಸಿದವನೂ ಅನುಮೋದಿಸಿದವನೂ ಫಲಕ್ಕೆ ಭಾಗಿಗಳೆಂದು ನಮ್ಮ ಹಿರಿಯರು ಹೇಳುತ್ತ ಬಂದದ್ದು ಇಂತಹ ಸಂದರ್ಭಕ್ಕೆ ಒಪ್ಪುತ್ತದೆ. ನಾನು ಬರೆದದ್ದಲ್ಲ, ಬಂದದ್ದನ್ನು ಕಳುಹಿಸಿದೆ ಅಷ್ಟೇ ಎಂಬುದು ನೆಪ. ಅಂಚೆಯವನು ಮುಚ್ಚಿದ ಲಕೋಟೆಯನ್ನು ಒಯ್ಯುತ್ತಾನೆ. ನಾವು ಓದಿ, ಒಪ್ಪಿ, ನಮ್ಮ ಹೆಸರಿನಲ್ಲಿ ಕಳುಹಿಸುತ್ತೇವೆ. ಅಲ್ಲಿಗೆ ನಮ್ಮ ಸಹಿ ಬಿದ್ದಂತೆಯೇ.

ಆ ಜುಲೈ ತಿಂಗಳಲ್ಲಿಯೇ ವಾಟ್ಸಾಪ್ ಸಂಸ್ಥೆಯು ರವಾನಿತ ಸಂದೇಶಗಳಿಗೆ ಗುರುತು ಹಾಕಲಾರಂಭಿಸಿತು. ಭಾರತದಲ್ಲಿ ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ರವಾನಿಸದಂತೆ ಮಿತಿಯನ್ನು ಪ್ರಕಟಿಸಿತು. ಇದಕ್ಕೆ ಮೊದಲೂ ಇಂತಹ ಮಿತಿಯೊಂದನ್ನು ನಾವು ಕಂಡಿದ್ದೆವು. 2012ರ ಆಗಸ್ಟಿನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನರು ಬೆಂಗಳೂರಿನಲ್ಲಿ ತಮ್ಮ ಮೇಲೆ ದಾಳಿಯಾಗಲಿದೆ ಎಂಬ ಗಾಳಿಸುದ್ದಿಗೆ ಹೆದರಿ ವಿಶೇಷ ರೈಲುಗಳಲ್ಲಿ ಗುವಾಹಟಿಗೆ ಹೊರಟುಹೋದರು. ಆಗ ಕೇಂದ್ರ ಸರಕಾರವು 15 ದಿನಗಳ ಕಾಲ ಸಗಟು ಕಿರುಸಂದೇಶಗಳನ್ನು ನಿರ್ಬಂಧಿಸಿ ಐದರ ಮಿತಿಯನ್ನು ಹೇರಿತು. ಯಂತ್ರ ಬದಲಾಯಿತು, ಆರು ವರ್ಷ ಕಳೆಯಿತು. ಮನುಷ್ಯನ ಆತುರ ಬದಲಾಗಲಿಲ್ಲ. ಸಂಖ್ಯೆಯ ಮಿತಿ ವೇಗವನ್ನು ಕಡಿಮೆ ಮಾಡಬಹುದು. ಸುಳ್ಳು ಐದು ಮನೆಗೆ ಹೋದರೂ ಸುಳ್ಳೇ.

ಹಾಗಾದರೆ ಮಾತನ್ನೇ ನಿಲ್ಲಿಸಬೇಕೇ? ಖಂಡಿತ ಅಲ್ಲ. 2012ರ ನವೆಂಬರಿನಲ್ಲಿ ಪಾಲ್ಘರ್‌ನಲ್ಲಿ ನಡೆದದ್ದನ್ನು ಸ್ಮರಿಸಬೇಕು. ಆಗ ಪಾಲ್ಘರ್ ನಮ್ಮ ಠಾಣೆ ಜಿಲ್ಲೆಯಲ್ಲೇ ಇತ್ತು. ಹಿರಿಯ ನಾಯಕರೊಬ್ಬರ ನಿಧನದ ಬಳಿಕ ಊರು ಸ್ತಬ್ಧವಾದುದನ್ನು ಪ್ರಶ್ನಿಸಿ ಒಬ್ಬ ತರುಣಿ ಫೇಸ್‌ಬುಕ್ಕಿನಲ್ಲಿ ನಾಲ್ಕು ಮಾತು ಬರೆದಳು. ಗೆಳತಿ ಅದಕ್ಕೆ ಮೆಚ್ಚುಗೆಯ ಗುರುತು ಒತ್ತಿದಳು. ಇಬ್ಬರನ್ನೂ ಬಂಧಿಸಲಾಯಿತು, ಬಂಧುವೊಬ್ಬರ ಆಸ್ಪತ್ರೆ ಧ್ವಂಸವಾಯಿತು. ಮುಂದೆ ಆ ಪ್ರಕರಣ ಕೈಬಿಟ್ಟುಹೋಯಿತು. ಆ ಘಟನೆಯ ಹಿನ್ನೆಲೆಯಲ್ಲಿ ಹೂಡಲಾದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ವಿಧಿಯನ್ನು ರದ್ದುಪಡಿಸಿತು. ಇನ್ನೊಬ್ಬರಿಗೆ ಹಿಡಿಸದ ಮಾತನ್ನು ಆಡುವುದೇ ಅನೀತಿಯಲ್ಲ. ಸುಳ್ಳನ್ನು ಪರೀಕ್ಷಿಸದೆ ಹರಡುವುದು ಅನೀತಿ. ಒಂದು ಮಾತಿಗಾಗಿ ಕಲ್ಲು ಎತ್ತುವುದು ಅದಕ್ಕಿಂತ ದೊಡ್ಡ ಅನೀತಿ. ಈ ವಿವೇಕವಿಲ್ಲದಿದ್ದರೆ ಸಂಯಮದ ಹೆಸರಿನಲ್ಲಿ ಭಯವನ್ನೇ ಸಾಕಿದಂತಾಗುತ್ತದೆ.

ಪರೀಕ್ಷೆ ಎಂದೆ. ಈ ಸಭೆಗೆ ಅದು ಹೊಸ ಶಬ್ದವಲ್ಲ. ಶ್ರೀಮದಾಚಾರ್ಯರು ‘ಪ್ರಮಾಣಲಕ್ಷಣ’ದಲ್ಲಿ ವಸ್ತು ಹೇಗಿದೆಯೋ ಹಾಗೆಯೇ ತಿಳಿಸುವುದನ್ನು ಪ್ರಮಾಣವೆಂದು ನಿರೂಪಿಸಿದ್ದಾರೆಂದೂ, ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರಕ್ಕೂ ನಿರ್ದೋಷತ್ವದ ನಿಬಂಧನೆಯಿದೆಯೆಂದೂ ಇಲ್ಲಿಯ ಪಾಠಗಳಲ್ಲಿ ಕೇಳಿದ್ದೇನೆ. ಕಣ್ಣಿಗೆ ಕಂಡದ್ದೆಲ್ಲ ಪ್ರತ್ಯಕ್ಷವಲ್ಲ, ದೋಷವಿಲ್ಲದೆ ಕಂಡದ್ದು ಪ್ರತ್ಯಕ್ಷ. ಕತ್ತರಿಸಿದ ವೀಡಿಯೋವನ್ನು ಕಣ್ಣಾರೆ ಕಂಡೆ ಎನ್ನುವವರಿಗೆ ಇದಕ್ಕಿಂತ ಉತ್ತಮ ಉತ್ತರ ಬೇಕೇ? ತಿಳಿವಿನ ಪ್ರಾಮಾಣ್ಯವನ್ನು ಒಳಗಿರುವ ಸಾಕ್ಷಿಯೇ ನಿರ್ಣಯಿಸಬೇಕು, ಸಂಶಯ ಮೂಡಿದಲ್ಲಿ ಪರೀಕ್ಷೆ ನಡೆಯಬೇಕು ಎಂಬುದೂ ನಮ್ಮ ಸಿದ್ಧಾಂತದ ಮಾತೇ. ಬ್ಯಾಂಕಿನವನಾದ ನನಗೆ ಇದು ಆ ಎರಡನೆಯ ಸಹಿಯಂತೆ ತೋರುತ್ತದೆ. ಯಂತ್ರ ತೆಗೆದುಹಾಕಿದ ಪರಿಶೀಲಕನನ್ನು ನಾವು ನಮ್ಮೊಳಗೆ ಕೂರಿಸಿಕೊಳ್ಳಬೇಕಾಗಿದೆ. ಕೃತಕ ಬುದ್ಧಿಮತ್ತೆಯು ಇಲ್ಲದ ಮುಖವನ್ನೂ ಆಡದ ಮಾತನ್ನೂ ಸೃಷ್ಟಿಸಬಲ್ಲ ಈ ಕಾಲದಲ್ಲಂತೂ ಅವನಿಗೆ ಬಿಡುವೇ ಇರಲಾರದು.

ಇನ್ನು ದುಡಿಮೆಯ ಪ್ರಶ್ನೆ. ನಮ್ಮ ಮಕ್ಕಳಲ್ಲಿ ಎಷ್ಟೋ ಜನರು ಗಣಕಯಂತ್ರದ ಮುಂದೆ ಕುಳಿತು ಅನ್ನ ಸಂಪಾದಿಸುತ್ತಿದ್ದಾರೆ. ಅದು ಹೆಮ್ಮೆಯ ಸಂಗತಿ. ಆದರೆ 2016ರ ಅಕ್ಟೋಬರಿನಲ್ಲಿ ಠಾಣೆ ಪೊಲೀಸರು ಮೀರಾ ರೋಡಿನ ಕಾಲ್ ಸೆಂಟರುಗಳ ಮೇಲೆ ದಾಳಿ ಮಾಡಿದಾಗ ಕಂಡದ್ದೇನು? ನೂರಾರು ತರುಣ ತರುಣಿಯರು ರಾತ್ರಿಯಿಡೀ ಅಮೆರಿಕದ ತೆರಿಗೆ ಇಲಾಖೆಯ ಅಧಿಕಾರಿಗಳಂತೆ ನಟಿಸಿ, ಅಲ್ಲಿಯ ಜನರನ್ನು ಬಂಧನದ ಬೆದರಿಕೆಯಿಂದ ನಡುಗಿಸಿ ಹಣ ಸುಲಿಯುತ್ತಿದ್ದರು. ಹೇಳಬೇಕಾದ ಮಾತುಗಳನ್ನು ಮೊದಲೇ ಬರೆದುಕೊಡಲಾಗುತ್ತಿತ್ತು. ಮೋಸಹೋದವರಲ್ಲಿ ವೃದ್ಧರೂ ವಲಸಿಗರೂ ಇದ್ದರು. ಆ ಜಾಲಕ್ಕೆ ಸಂಬಂಧಿಸಿ ಅಮೆರಿಕದಲ್ಲಿ 2018ರಲ್ಲಿ 24 ಮಂದಿಗೆ ಶಿಕ್ಷೆಯಾಯಿತು. ಕೆಲವರಿಗೆ 20 ವರ್ಷಗಳವರೆಗೆ. ಇಲ್ಲಿ ಕೆಲಸಕ್ಕಿದ್ದ ತರುಣರ ಮನೆಯವರು ಮಗನ ಸಂಬಳವನ್ನು ಕೇಳಿ ಸಂತೋಷಪಟ್ಟಿರಬೇಕು, ಕೆಲಸವೇನೆಂದು ಕೇಳಿದ್ದರೇ? ಸಂಬಳ ಎಷ್ಟು ಎಂಬ ಪ್ರಶ್ನೆಯ ಜೊತೆಗೆ, ಆ ಹಣ ಯಾರ ಕೈಯಿಂದ, ಯಾಕೆ ಬರುತ್ತದೆ ಎಂದು ಕೇಳುವುದು ತಂದೆತಾಯಿಗಳ ಕರ್ತವ್ಯ.

ಈಗ ಇನ್ನೊಂದು ಪ್ರಲೋಭನೆ ಬಂದಿದೆ. ನಿನ್ನ ಬ್ಯಾಂಕ್ ಖಾತೆಯನ್ನು ಕೆಲವು ದಿನ ಬಳಸಲು ಕೊಡು, ಕಮಿಷನ್ ಕೊಡುತ್ತೇವೆ ಎಂದು ವಿದ್ಯಾರ್ಥಿಗಳನ್ನು ಸೆಳೆಯುತ್ತಾರೆ. ವಂಚಿಸಿದ ಹಣ ಇಂತಹ ಬಾಡಿಗೆ ಖಾತೆಗಳ ಮೂಲಕವೇ ಹರಿದು ಮಾಯವಾಗುತ್ತದೆ. ಇವನ್ನು ಪತ್ತೆಹಚ್ಚಲೆಂದೇ ರಿಸರ್ವ್ ಬ್ಯಾಂಕಿನ ಬೆಂಗಳೂರಿನ ನಾವೀನ್ಯ ಕೇಂದ್ರವು ‘ಮ್ಯೂಲ್‌ಹಂಟರ್’ ಎಂಬ ತಂತ್ರಾಂಶವನ್ನು ರೂಪಿಸಿದೆ. ಖಾತೆ ಕೊಟ್ಟ ಹುಡುಗನಿಗೆ ಸಿಗುವುದು ಕೆಲವು ಸಾವಿರ ರೂಪಾಯಿ. ಪೊಲೀಸರು ಮೊದಲು ಬಂದು ಬಾಗಿಲು ತಟ್ಟುವುದು ಅವನ ಮನೆಯದ್ದು. ನಮ್ಮ ಹೆಸರು, ನಮ್ಮ ಸಹಿ, ನಮ್ಮ ಖಾತೆ ಇವು ಬಾಡಿಗೆಗೆ ಕೊಡುವ ವಸ್ತುಗಳಲ್ಲ.

ಅಂದು ಮೀರಾ ರೋಡಿನಿಂದ ಹೊರಗಿನವರ ಮೇಲೆ ಪ್ರಯೋಗಿಸಿದ ತಂತ್ರವನ್ನೇ ಇಂದು ನಮ್ಮ ಮನೆಯ ವೃದ್ಧರ ಮೇಲೆ ಪ್ರಯೋಗಿಸುತ್ತಿದ್ದಾರೆ. ಪೊಲೀಸ್ ಸಮವಸ್ತ್ರದಲ್ಲಿ ವೀಡಿಯೋ ಕರೆ ಮಾಡಿ, ನೀವು ‘ಡಿಜಿಟಲ್ ಬಂಧನ’ದಲ್ಲಿದ್ದೀರಿ, ಯಾರಿಗೂ ಹೇಳಕೂಡದು ಎಂದು ಹೆದರಿಸುತ್ತಾರೆ. 2024ರ ಅಕ್ಟೋಬರ್ 27ರಂದು ಪ್ರಧಾನಮಂತ್ರಿಗಳು ತಮ್ಮ ಆಕಾಶವಾಣಿ ಭಾಷಣದಲ್ಲಿ ಇದರ ಬಗ್ಗೆ ದೇಶವನ್ನೇ ಎಚ್ಚರಿಸಿದರು. ನಮ್ಮ ಕಾನೂನಿನಲ್ಲಿ ಅಂತಹ ಬಂಧನವೇ ಇಲ್ಲ. ಹಿರಿಯರಲ್ಲಿ ನನ್ನ ಪ್ರಾರ್ಥನೆ: ಅಂತಹ ಕರೆ ಬಂದರೆ ಕಡಿದುಹಾಕಿ, ಮನೆಯವರಿಗೆ ಹೇಳಿ. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ನಡುವೆಯೇ ತಡೆಹಿಡಿಯುವ ಸಂಭವ ಹೆಚ್ಚು. ಕಿರಿಯರಲ್ಲಿ ಪ್ರಾರ್ಥನೆ: ಮೋಸಹೋದ ಹಿರಿಯರನ್ನು ಗೇಲಿ ಮಾಡಬೇಡಿ. ವಂಚಕನ ದೊಡ್ಡ ಆಯುಧ ತಂತ್ರಜ್ಞಾನವಲ್ಲ, ಮನೆಯವರ ಮುಂದೆ ಹೇಳಿಕೊಳ್ಳಲಾರದ ನಾಚಿಕೆ.

ಗೋಪ್ಯತೆಯ ಕುರಿತು ಒಂದು ಮಾತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಗೋಪ್ಯತೆ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾಯಿದೆಯೂ ಬಂತು. ಇಷ್ಟಾದರೂ ನಾವು ಮಾಡುವುದೇನು? ವಧೂವರರ ಜಾತಕವನ್ನು ಹುಟ್ಟಿದ ದಿನ, ವಿಳಾಸ, ಸಂಬಳಗಳ ಸಹಿತ ಗೊತ್ತಿಲ್ಲದ ಗುಂಪುಗಳಿಗೆ ಹಾಕುತ್ತೇವೆ. ಆಸ್ಪತ್ರೆಯಲ್ಲಿ ಮಲಗಿದವರ ಚಿತ್ರವನ್ನು ಅವರನ್ನು ಕೇಳದೆ ಹಂಚುತ್ತೇವೆ. ಸೇವೆಗೆ ಹೆಸರು ಬರೆಸಿದವರ ಪಟ್ಟಿಯನ್ನು ದೂರವಾಣಿ ಸಂಖ್ಯೆಗಳೊಂದಿಗೆ ಬಹಿರಂಗಪಡಿಸುತ್ತೇವೆ. ಇವೆಲ್ಲ ದುರುದ್ದೇಶದಿಂದ ಆಗುವುದಲ್ಲ. ಆದರೆ ಪರರ ಮಾಹಿತಿ ನಮ್ಮಲ್ಲಿಟ್ಟ ಅಡವು. ಒಡೆಯನ ಅನುಮತಿಯಿಲ್ಲದೆ ಅದನ್ನು ಬಳಸುವುದು ಸಲ್ಲದು.

ನಾನು ಕತ್ತಲೆಯನ್ನೇ ವರ್ಣಿಸಿದೆನೆಂದು ತಿಳಿಯಬಾರದು. ಗಣಕಯಂತ್ರವನ್ನು ಲೋಕೋಪಕಾರಕ್ಕೆ ಬಳಸಿದವರು ನಮ್ಮವರಲ್ಲೇ ಇದ್ದಾರೆ. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. ಕನ್ನಡವನ್ನು ಉಚ್ಚಾರಣೆಯಂತೆಯೇ ಬೆರಳಚ್ಚಿಸುವ ಸುಲಭವಾದ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ, ಅದನ್ನು ಎಲ್ಲರ ಬಳಕೆಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಕರ್ನಾಟಕ ಸರಕಾರದ ಅಧಿಕೃತ ಕೀಲಿಮಣೆಗೂ ಅದೇ ತಳಹದಿ. ಇಂದು ಡೊಂಬಿವಲಿಯ ಅಜ್ಜಿಯೊಬ್ಬರು ಉಡುಪಿಯ ಮೊಮ್ಮಗಳಿಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯುವುದರ ಹಿಂದೆ ಇಂತಹವರ ಔದಾರ್ಯವಿದೆ. ವಿದ್ಯೆಯನ್ನು ಬಚ್ಚಿಡದೆ ಹಂಚುವುದೂ ಈ ಯುಗದ ಒಂದು ದಾನ.

ಕೊನೆಯದಾಗಿ, ನಾನು ರೂಢಿಸಿಕೊಂಡ ಕ್ರಮವನ್ನು ನಿಮ್ಮ ಮುಂದಿಡುತ್ತೇನೆ. ಭಯವನ್ನೋ ಕ್ರೋಧವನ್ನೋ ಕೆರಳಿಸುವ ಸಂದೇಶ ಬಂದರೆ ಆ ದಿನ ನಾನು ಅದನ್ನು ಯಾರಿಗೂ ಕಳುಹಿಸುವುದಿಲ್ಲ. ಯಾರು, ಎಲ್ಲಿ, ಯಾವಾಗ ಎಂಬ ಮೂರಕ್ಕೂ ಉತ್ತರವಿಲ್ಲದಿದ್ದರೆ ಎಂದಿಗೂ ಕಳುಹಿಸುವುದಿಲ್ಲ. ಕಳುಹಿಸಿದ್ದು ತಪ್ಪೆಂದು ತಿಳಿದರೆ ಕಳುಹಿಸಿದ ಕಡೆಗೆಲ್ಲ ತಪ್ಪೊಪ್ಪಿಗೆಯನ್ನೂ ಕಳುಹಿಸುತ್ತೇನೆ. ಬ್ಯಾಂಕಿನಲ್ಲಿ ತಪ್ಪು ನಮೂದನ್ನು ಅಳಿಸುವಂತಿಲ್ಲ. ಅದರ ಎದುರಿಗೆ ಸರಿಪಡಿಸುವ ನಮೂದನ್ನು ಬರೆಯಬೇಕು. ಆ ಜೂನ್ ತಿಂಗಳಲ್ಲಿ ಮೂರು ಗುಂಪುಗಳಿಗೂ ನಾನು ಹಾಗೆ ಬರೆದೆ. ಮೊದಲಿನ ಸಂದೇಶವನ್ನು ಹತ್ತಾರು ಜನರು ಮುಂದಕ್ಕೆ ಕಳುಹಿಸಿದ್ದರು. ತಪ್ಪೊಪ್ಪಿಗೆಗೆ ಉತ್ತರಿಸಿದವರು ಮೂವರು ಮಾತ್ರ. ಆದರೂ ಬರೆಯಬೇಕಿತ್ತು.

ನಮ್ಮ ಮನೆಯ ಅಟ್ಟದಲ್ಲಿ ಹಳೆಯ ಬಟ್ಟೆಗಳ ಗಂಟೊಂದು ಇನ್ನೂ ಇದೆ. ಅವಳು ಬಂದಾಗ ಕೊಡೋಣವೆಂದು ನನ್ನ ಪತ್ನಿ ಕಟ್ಟಿಟ್ಟದ್ದು. ಅದನ್ನು ಬೇರೆಯವರಿಗೆ ಕೊಡಲು ನಮಗೆ ಮನಸ್ಸಾಗಿಲ್ಲ. ಬೀದಿಯಲ್ಲಿ ಪಾತ್ರೆಯ ಸದ್ದು ಕೇಳಿದರೆ ಇಂದಿಗೂ ಕಿಟಕಿಗೆ ಹೋಗಿ ನೋಡುತ್ತೇನೆ.